ಅರಮನೆಯ ತೋಟದಲ್ಲಿ ವೀಳ್ಯ

ನಮ್ಮ ಕಡೆ ಗಂಡಿನವರು ಹೆಣ್ಣು ನೋಡಲು ಬರುವುದು ವಾಡಿಕೆ. ನಾನು ಗಂಡು ನೋಡಲು ಹೋದೆ. ಅದೂ ಪಕ್ಕದ ಊರಿಗಲ್ಲ. ಮಲೇಷ್ಯಾದ ಪುಚೊಂಗ್‌ನಿಂದ ಯುರೋಪಿನ ವಿಯೆನ್ನಾಕ್ಕೆ, ವಿಮಾನದಲ್ಲಿ ಕಾಲು ಮಡಚಿಕೊಂಡು ಕೂತು. ಹಾಗೆ ಹೋದದ್ದಕ್ಕೆ ನನಗೇನೂ ಸಂಕೋಚವಿರಲಿಲ್ಲ. ಮಗಳು ನನ್ನವಳು, ನೋಡುವ ಹಕ್ಕೂ ನನ್ನದೇ.

ನಾನು ಉಡುಪಿಯವಳು. ಬಹಳ ವರ್ಷಗಳಿಂದ ಇಲ್ಲಿ ಮಲೇಷ್ಯಾದ ಒಂದು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತಿದ್ದೇನೆ. ಯಾವ ಸ್ನಾಯು ಯಾವ ಎಲುಬಿನಿಂದ ಹೊರಟು ಎಲ್ಲಿ ಅಂಟಿಕೊಂಡಿದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಗಂಡ ತೀರಿಕೊಂಡ ಮೇಲೂ ಊರಿಗೆ ಮರಳಲಿಲ್ಲ. ಮಗಳ ಶಾಲೆ ಇಲ್ಲಿತ್ತು, ನನ್ನ ಕೆಲಸ ಇಲ್ಲಿತ್ತು. "ಒಬ್ಬಳೇ ಹೇಗೆ ಇರ್ತೀ?" ಎಂದು ಊರಿನವರು ಕೇಳಿದಾಗ "ಹೀಗೇ" ಎಂದೆ. ಇದ್ದು ತೋರಿಸಿದೆ ಕೂಡ.

ಮಗಳು ಪುಚೊಂಗ್‌ನಲ್ಲೇ ಬೆಳೆದವಳು. ನಾನು ಕನ್ನಡದಲ್ಲಿ ಬೈದರೆ ಅವಳು ಇಂಗ್ಲಿಷಿನಲ್ಲಿ ಜಗಳವಾಡುತ್ತಾಳೆ, ಇಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸುತ್ತಾಳೆ. ಸಂಶೋಧನೆಗೆಂದು ವಿಯೆನ್ನಾಕ್ಕೆ ಹೋದವಳು ಒಂದು ದಿನ ಫೋನಿನಲ್ಲಿ, ಇಲ್ಲಿ ಒಬ್ಬನಿದ್ದಾನೆ, ಶಾಲೆಯಲ್ಲಿ ಗಣಿತ ಕಲಿಸುತ್ತಾನೆ, ಇಲ್ಲಿಯವನೇ, ಎಂದಳು. ನಾನು ಏನೂ ಹೇಳುವ ಮೊದಲೇ ಮುಂದಿನ ಮಾತನ್ನೂ ಹೇಳಿ ಮುಗಿಸಿದಳು. ನೀನು ಬೇಡ ಎಂದರೆ ನಾನು ಮದುವೆಯಾಗುವುದಿಲ್ಲ. ಆದರೆ ಬೇರೆ ಯಾರನ್ನೂ ಆಗುವುದಿಲ್ಲ.

ಜಾಣತನ ನೋಡಿ. ನಿರ್ಧಾರ ನಿನ್ನದು ಎಂದಳು, ಪಾಪವನ್ನೂ ನನ್ನ ತಲೆಗೇ ಕಟ್ಟಿದಳು. ಹಟ ಅವಳಿಗೆ ಎಲ್ಲಿಂದ ಬಂತು ಎಂದು ನಾನು ಯಾರನ್ನೂ ಕೇಳುವ ಹಾಗಿರಲಿಲ್ಲ.

ಉಡುಪಿಯಲ್ಲಿರುವ ಅಣ್ಣನಿಗೆ ಹೇಳಿದೆ. ಅಣ್ಣ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತನಾದವನು, ಎಲ್ಲವೂ ಕ್ರಮದಲ್ಲಿ ಆಗಬೇಕು ಎನ್ನುವವನು. ಸುಮಾರು ಹೊತ್ತು ಯೋಚಿಸಿ, "ಹೋಗಿ ನೋಡಿ ಬಾ. ಆದ್ರೆ ಮಾತು ಕೊಡ್ಬೇಡ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಕೊಡುದು ಅಂತಾದ್ರೆ ನಾನೂ ನಿನ್ನ ಅತ್ತಿಗೆಯೂ ಬಂದು ಕ್ರಮದಲ್ಲಿ ಕೊಡುವ," ಎಂದ.

ನಾನು ಯಾಕೆ ಕೊಡಬಾರದು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಂಡನಿಲ್ಲದವಳು ಶುಭಕಾರ್ಯದಲ್ಲಿ ಮುಂದೆ ನಿಲ್ಲುವುದಿಲ್ಲ; ಇದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳದೆಯೇ ನಡೆಸುತ್ತಾರೆ. ಅಣ್ಣನ ಮಗಳ ನಿಶ್ಚಿತಾರ್ಥದಲ್ಲಿ ಅತ್ತಿಗೆ ಪ್ರೀತಿಯಿಂದಲೇ ನನ್ನ ಕೈ ಹಿಡಿದು, "ಇಲ್ಲಿ ಬಾ, ಇಲ್ಲಿ ಫ್ಯಾನು ಉಂಟು," ಎಂದು ಹಿಂದಿನ ಸಾಲಿನಲ್ಲಿ ಕೂರಿಸಿದರು. ಫ್ಯಾನು ಇದ್ದದ್ದು ನಿಜ. ಎರಡೂ ಕಡೆಯವರು ಎಲೆ, ಅಡಿಕೆ, ತೆಂಗಿನಕಾಯಿಯ ಹರಿವಾಣ ಬದಲಾಯಿಸಿಕೊಂಡು, "ವೀಳ್ಯ ಆಯ್ತು, ಇನ್ನು ಮಾತಿಲ್ಲ," ಎಂದು ಹಿರಿಯರು ಘೋಷಿಸಿದ್ದನ್ನು ನಾನು ಆ ಫ್ಯಾನಿನ ಕೆಳಗಿನಿಂದ ನೋಡಿದೆ. ಮಗಳು ಮುಂದೆ ನಿಂತು ಎಲ್ಲವನ್ನೂ ವಿಡಿಯೋ ಮಾಡಿಕೊಂಡಳು.

ಅಣ್ಣನ ಮಾತಿಗೆ ಒಪ್ಪಿ ಮಗಳಿಗೆ ಒಂದು ಷರತ್ತು ಹಾಕಿದೆ. ಬಂದು ನೋಡುತ್ತೇನೆ, ಪುಚೊಂಗ್‌ಗೆ ಮರಳಿ ಅಣ್ಣನ ಹತ್ತಿರ ಮಾತಾಡಿ ಆಮೇಲೆ ಉತ್ತರ ಕೊಡುತ್ತೇನೆ, ಅಲ್ಲಿಯವರೆಗೆ ನೀನು 'ಏನಾಯಿತು' ಎಂದು ಕೇಳಬಾರದು. ಅವಳು ಒಪ್ಪಿದಳು. ಅವಳದ್ದೂ ಒಂದು ಷರತ್ತಿತ್ತು: "ನೋ ಇಂಟರ್ವ್ಯೂ, ಅಮ್ಮಾ." ನಾನು ಹೂಂ ಎಂದೆ. ಹೂಂ ಎಂದದ್ದಷ್ಟೇ.

ಈಗ ನಿಜ ಹೇಳಬೇಕು. ವಿಮಾನ ಹತ್ತುವಾಗ ನನ್ನ ಉತ್ತರ ಬಹುಪಾಲು 'ಬೇಡ' ಎಂದೇ ಇತ್ತು. ಹುಡುಗ ಬಿಳಿಯ ಎಂಬುದಕ್ಕಲ್ಲ. ನನಗೆ ಭಯವಾಗಿತ್ತು. ಊರಿನ ಸಂಬಂಧವಾದರೆ ಮನೆತನ ವಿಚಾರಿಸಲು ನಾಲ್ಕು ಜನ ಸಿಗುತ್ತಾರೆ. ಇಲ್ಲಿ ಯಾರನ್ನು ಕೇಳಲಿ? ಚಳಿಯ ಊರಿನಲ್ಲಿ ಇವಳಿಗೆ ಜ್ವರ ಬಂದರೆ ಗಂಜಿ ಬೇಯಿಸಿಕೊಡುವವರು ಯಾರು? ಮಗಳಾದರೂ ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ಅವಳ ಮಕ್ಕಳು ಜರ್ಮನ್‌ನಲ್ಲಿ ಅತ್ತರೆ ನಾನು ಯಾವ ಭಾಷೆಯಲ್ಲಿ ಸಮಾಧಾನ ಮಾಡಲಿ? ಧೈರ್ಯವಂತೆ ಎಂದು ಹೆಸರು ಪಡೆದವಳಿಗೆ ಭಯವಾದರೆ ಹೇಳಿಕೊಳ್ಳಲೂ ಜಾಗವಿರುವುದಿಲ್ಲ. ಆದ್ದರಿಂದ ಅದಕ್ಕೆ 'ಯೋಚನೆ' ಎಂದು ಹೆಸರಿಟ್ಟು ಸೂಟ್‌ಕೇಸ್ ಕಟ್ಟಿದೆ.

ಸೂಟ್‌ಕೇಸಿನಲ್ಲಿ ಒಂದು ಒಳ್ಳೆಯ ಬಾಟಿಕ್ ಬಟ್ಟೆಯನ್ನೂ ಇಟ್ಟುಕೊಂಡಿದ್ದೆ. ಅದರ ಕಾರಣ ಹೀಗೆ. ಮನೆಗೆ ಮೊದಲ ಸಲ ಬಂದ ಹೆಂಗಸನ್ನು ಬರಿಗೈಯಲ್ಲಿ ಕಳಿಸಬಾರದು ಎಂಬುದು ನನ್ನ ಅಮ್ಮ ಕಲಿಸಿದ ಪಾಠ. ಎರಡು ಎಲೆ, ಒಂದು ಅಡಿಕೆ, ಜೊತೆಗೊಂದು ಹಣ್ಣೋ ಕಾಯಿಯೋ, ರವಿಕೆಯ ತುಂಡೋ. ಗಂಡ ಹೋದ ಮೇಲೆ ಇದನ್ನು ನಾನು ಮಗಳ ಕೈಯಿಂದ ಕೊಡಿಸುತ್ತಿದ್ದೆ. ಅವಳೂ ವಿಯೆನ್ನಾಕ್ಕೆ ಹೋದ ಮೇಲೆ ಮನೆಯಲ್ಲಿ ಬೇರೆ ಕೈ ಇರಲಿಲ್ಲ. ಪಕ್ಕದ ಮನೆಯ ತಮಿಳು ಅಕ್ಕ ಹೊರಟು ನಿಂತಾಗ ಒಮ್ಮೆ ನಾನೇ ಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಹೋದರು. ಆಕಾಶ ಕಳಚಿ ಬೀಳಲಿಲ್ಲ. ಅಂದಿನಿಂದ ನಾನೇ ಕೊಡುತ್ತೇನೆ. ಎಲೆಗೂ ಇಲ್ಲಿ ಬರವಿಲ್ಲ. ಮಲಯ ಜನರಿಗೂ ಹೆಣ್ಣು ಕೇಳಲು ಹೋಗುವಾಗ ವೀಳ್ಯದೆಲೆಯ ತಟ್ಟೆಯೇ ಮೊದಲು ಹೋಗಬೇಕು. ಹೀಗೆ ಕೊಟ್ಟು ಕೊಟ್ಟು ಅದು ನನಗೆ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟಷ್ಟೇ ಸಹಜವಾಗಿಬಿಟ್ಟಿತ್ತು.

ಹಸಿ ಎಲೆಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ವಿಯೆನ್ನಾದಲ್ಲಿ ಮಗಳು ಲ್ಯಾಬಿಗೆ ಹೋದ ಹೊತ್ತಿನಲ್ಲಿ ನಾನೊಬ್ಬಳೇ ಮೆಟ್ರೋ ಹತ್ತಿ ಹೋಗಿ ಒಂದು ಶ್ರೀಲಂಕಾ ತಮಿಳರ ಅಂಗಡಿ ಹುಡುಕಿದೆ. "ವೆತ್ತಲೈ ಇರುಕ್ಕಾ?" ಎಂದು ನನ್ನ ಪುಚೊಂಗ್ ತಮಿಳಿನಲ್ಲಿ ಕೇಳಿದೆ. ಅಂಗಡಿಯವರು ನಗುತ್ತಾ ಫ್ರಿಜ್ಜಿನಿಂದ ಒದ್ದೆ ಕಾಗದದಲ್ಲಿ ಸುತ್ತಿದ ಕಟ್ಟೊಂದನ್ನು ತೆಗೆದುಕೊಟ್ಟರು. ಅಡಿಕೆಯೂ ಸಿಕ್ಕಿತು, ತೆಂಗಿನಕಾಯಿಯೂ ಸಿಕ್ಕಿತು. ಮಗಳಿಗೆ ಹೇಳಲಿಲ್ಲ. ಹೇಳುವಂಥದ್ದು ಅದರಲ್ಲಿ ಏನೂ ಇಲ್ಲ ಎಂದುಕೊಂಡಿದ್ದೆ. ಹುಡುಗನ ತಾಯಿಯನ್ನು ಮೊದಲ ಸಲ ನೋಡುತ್ತೇನೆ, ಹೊರಡುವಾಗ ಕೊಡಬೇಕು, ಅಷ್ಟೇ.

ಭೇಟಿಯ ಜಾಗವನ್ನು ಹುಡುಗನೇ ಆರಿಸಿದ್ದ. ಹಿಂದೆ ಚಕ್ರವರ್ತಿಗಳು ಬೇಸಿಗೆ ಕಳೆಯುತ್ತಿದ್ದ ಹಳದಿ ಬಣ್ಣದ ಅರಮನೆ, ಅದರ ಹಿಂದೆ ಗುಡ್ಡದ ತನಕ ಹಬ್ಬಿದ ತೋಟ. ಅರಮನೆಯೊಳಗೆ ಹೋಗಲು ಟಿಕೆಟ್ಟು. ತೋಟ ಎಲ್ಲರಿಗೂ ತೆರೆದಿರುತ್ತದೆ. ಮನೆಯಲ್ಲಿ ಕೂತು ಒಬ್ಬರನ್ನೊಬ್ಬರು ದಿಟ್ಟಿಸುವುದಕ್ಕಿಂತ ನಡೆಯುತ್ತಾ ಮಾತಾಡುವುದು ಸುಲಭ ಎಂದು ಅವನ ಲೆಕ್ಕವಂತೆ. ಲೆಕ್ಕದ ಮೇಷ್ಟ್ರು, ಇರಲಿ ಎಂದುಕೊಂಡೆ.

ನಾವು ತಾಯಿ ಮಗಳು ಸ್ವಲ್ಪ ಮೊದಲೇ ಹೋದೆವು. ಮೇ ತಿಂಗಳ ಭಾನುವಾರ, ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ಎಷ್ಟು ದೊಡ್ಡ ತೋಟ ಎಂದರೆ ಕಣ್ಣು ಸೋಲುತ್ತದೆ. ನಡುವೆ ಹೂವಿನ ಪಾತಿಗಳನ್ನು ರಂಗೋಲಿಯ ಸುರುಳಿಯಂತೆ ಬಿಡಿಸಿದ್ದಾರೆ. ಎರಡೂ ಬದಿಗೆ ಸಾಲುಮರಗಳನ್ನು ಕತ್ತರಿಸಿ ಕತ್ತರಿಸಿ ಎತ್ತರದ ಗೋಡೆ ಮಾಡಿಬಿಟ್ಟಿದ್ದಾರೆ. ಒಂದು ಎಲೆಯೂ ಸಾಲು ತಪ್ಪಿ ಹೊರಗೆ ಇಣುಕುವುದಿಲ್ಲ. ಹುಲ್ಲಿನ ಮೇಲೆ ಕಾಲಿಡುವ ಹಾಗಿಲ್ಲ. ನಮ್ಮ ಕಡೆ ತೋಟ ಎಂದರೆ ಏನಾದರೂ ಬೆಳೆಯಬೇಕು. ಅಷ್ಟು ದೊಡ್ಡ ಜಾಗದಲ್ಲಿ ಒಂದು ಮಟ್ಟುಗುಳ್ಳ ಬದನೆಯ ಗಿಡವೂ ಇಲ್ಲ ಎಂದೆ. ಮಗಳು ಆಕಾಶ ನೋಡಿದಳು.

ಅಲ್ಲೊಂದು ಗಾಜಿನ ಮನೆಯಿದೆ, ಬೆಂಗಳೂರಿನ ಲಾಲ್‌ಬಾಗಿನದ್ದರ ಅಕ್ಕನಂಥದ್ದು. ಟಿಕೆಟ್ಟು ತೆಗೆದುಕೊಂಡು ಒಳಗೆ ಹೋದರೆ ಪುಚೊಂಗ್‌ನ ಸೆಕೆ, ಪುಚೊಂಗ್‌ನ ತಾಳೆಮರ! ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಇದೇ ಮರದ ಗರಿ ಕಾರಿನ ಮೇಲೆ ಬಿದ್ದು ನಾನು ಎಷ್ಟು ಸಲ ಶಾಪ ಹಾಕಿಲ್ಲ. ಇಲ್ಲಿ ಅದಕ್ಕೆ ಗಾಜಿನ ಅರಮನೆ, ಹಿತ್ತಾಳೆಯ ಹೆಸರುಫಲಕ, ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಜನ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಲಿಲ್ಲ.

ಹೊರಗೆ ಸಾಲಾಗಿ ಕಲ್ಲಿನ ವಿಗ್ರಹಗಳು, ಬಹುಪಾಲು ಬಟ್ಟೆಯಿಲ್ಲದವು. ನಾನು ಒಂದು ಗಂಡುಮೂರ್ತಿಯ ಸುತ್ತ ಬಂದು, "ಭುಜ ಸರಿ ಉಂಟು. ಆದ್ರೆ ಕಾಲಿನ ಮೀನಖಂಡ ಇಷ್ಟು ಊದಿಕೊಂಡ್ರೆ ಇವನಿಗೆ ಮೆಟ್ಲು ಹತ್ಲಿಕ್ಕೆ ಆಗ್ಲಿಕ್ಕಿಲ್ಲ," ಎಂದೆ.

"ಅಮ್ಮಾ, ಪ್ಲೀಸ್. ಅವರು ಬಂದರು," ಎಂದಳು ಮಗಳು. ಕನ್ನಡದಲ್ಲಿ ಹೇಳಿದಳು. ಅಷ್ಟು ಗಾಬರಿಯಾಗಿದ್ದಳು.

ತಿರುಗಿ ನೋಡಿದೆ. ತಾಯಿ ಮಗ ಜಲ್ಲಿಕಲ್ಲಿನ ದಾರಿಯಲ್ಲಿ ಬರುತ್ತಿದ್ದರು. ಮುಖ ನೋಡುವ ಮೊದಲು ನಾನು ನಡಿಗೆ ನೋಡುತ್ತೇನೆ, ಅದು ವೃತ್ತಿಯ ಚಾಳಿ. ತಾಯಿ ಎತ್ತರದ ಹೆಂಗಸು, ಬೆಳ್ಳಿ ಕೂದಲು. ಬಲ ಸೊಂಟದ ಕೀಲು ಸವೆದಿದೆ ಎಂದು ದೂರದಿಂದಲೇ ತಿಳಿಯಿತು. ಮಗ ಅವರ ಬಲಕ್ಕೆ ನಡೆಯುತ್ತಿದ್ದ. ಅವರ ಹೆಜ್ಜೆ ತಡವಾದಲ್ಲಿ ಅವನದೂ ತಡವಾಗುತ್ತಿತ್ತು. ಕೈ ಹಿಡಿದಿರಲಿಲ್ಲ, ಅವರ ಕಡೆ ನೋಡುತ್ತಲೂ ಇರಲಿಲ್ಲ. ತೋರಿಕೆಗೆ ಹಾಗೆ ನಡೆಯಲು ಬರುವುದಿಲ್ಲ, ವರ್ಷಗಟ್ಟಲೆ ಜೊತೆಗೆ ನಡೆದವರಿಗೆ ಮಾತ್ರ ಬರುತ್ತದೆ. ಇದನ್ನು ನಾನು ಗಮನಿಸಿದೆ, ಆದರೆ ಕರಗಲಿಲ್ಲ. ಒಂದು ಒಳ್ಳೆಯ ನಡಿಗೆಗೆ ಯಾರಾದರೂ ಮಗಳನ್ನು ಕೊಡುತ್ತಾರೆಯೇ?

ತಾಯಿ ಆ ಊರಿನಲ್ಲಿ ಟ್ರಾಮ್ ಓಡಿಸುತ್ತಿದ್ದವರಂತೆ, ಈಗ ನಿವೃತ್ತಿ. ಇಂಗ್ಲಿಷ್ ಅಷ್ಟಕ್ಕಷ್ಟೆ, ಮಗ ನಡುವೆ ನಿಂತು ಮಾತನ್ನು ಅತ್ತಿಂದಿತ್ತ ಸಾಗಿಸುತ್ತಿದ್ದ. ಬೆಂಚಿನ ಮೇಲೆ ಕೂತದ್ದೇ ಅವರು ಸೇಬಿನ ಹೂರಣ ಸುತ್ತಿದ ಸುರುಳಿಯ ಡಬ್ಬಿ ತೆರೆದರು. ತಿನ್ನುತ್ತಾ ಯಜಮಾನರ ಬಗ್ಗೆ ವಿಚಾರಿಸಿದೆ.

"ಇನ್ನೊಂದು ಊರಿನಲ್ಲಿದ್ದಾರೆ, ಇನ್ನೊಬ್ಬಳ ಜೊತೆ," ಎಂದು ಮಗ ಅನುವಾದಿಸಿದ. ತಾಯಿ ಮತ್ತೊಂದು ಮಾತು ಸೇರಿಸಿ ನಕ್ಕರು. ಅವನು ಕೆಂಪಾಗಿ, "ಅವಳಿಗೆ ಪಾಪ, ಅಂತ ಹೇಳ್ತಿದ್ದಾರೆ," ಎಂದ.

ನನಗೂ ನಗು ಬಂತು. ನಮ್ಮಲ್ಲಿ ಗಂಡ ಬಿಟ್ಟುಹೋದವಳು ಹೀಗೆ ನಗುವುದನ್ನು ನಾನು ನೋಡಿರಲಿಲ್ಲ. ಈ ಸಂಗತಿಯನ್ನು ಅಣ್ಣನಿಗೆ ಹೇಗೆ ಹೇಳುವುದು ಎಂಬ ಚಿಂತೆಯೂ ಅಲ್ಲೇ ಶುರುವಾಯಿತು.

ಸಂದರ್ಶನ ಬೇಡ ಎಂದಿದ್ದಳಲ್ಲ, ಅದಕ್ಕೆ ನಾನು ಬೆಂಚಿನಲ್ಲಿ ಕೂತು ಕೇಳಲಿಲ್ಲ. ಗುಡ್ಡದ ಕಡೆ ನಡೆಯುವಾಗ ಕೇಳಿದೆ. ಮಗಳು ಅವನ ತಾಯಿಯ ಜೊತೆ ಹಿಂದೆ ಬರುತ್ತಿದ್ದಳು.

"ಅಡುಗೆ ಬರುತ್ತದಾ?"

"ಮೂರು ಬಗೆ ಬರುತ್ತದೆ, ಆಂಟಿ. ಮೂರೂ ಆಲೂಗಡ್ಡೆಯದ್ದು."

"ಕುಡಿಯುತ್ತೀಯಾ?"

"ಬಿಯರ್. ಶುಕ್ರವಾರ."

ಸುತ್ತುಬಳಸು ಇರಲಿಲ್ಲ. ಹಿಂದಿನಿಂದ ಮಗಳು, "ಅಮ್ಮಾ, ಐ ಕ್ಯಾನ್ ಹಿಯರ್ ಯು ಲಾ!" ಎಂದು ಕೂಗಿದಳು. ಕೇಳಲಿ ಎಂದೇ ನಾನು ಜೋರಾಗಿ ಕೇಳುತ್ತಿದ್ದದ್ದು.

"ಅವಳಿಗೆ ಜ್ವರ ಬಂದರೆ ಏನು ಮಾಡುತ್ತೀ?"

"ಕಳೆದ ಚಳಿಗಾಲದಲ್ಲಿ ಬಂದಿತ್ತಲ್ಲ. ಅನ್ನದ ಸೂಪ್ ಬೇಕೆಂದಳು. ಮೊದಲ ದಿನ ಉಪ್ಪು ಹಾಕದೆ ಮಾಡಿ ಬೈಸಿಕೊಂಡೆ. ಆಮೇಲೆ ಉಪ್ಪು ಹಾಕಿ, ನೀವು ಕಳಿಸಿದ ಮಾವಿನಕಾಯಿ ಉಪ್ಪಿನಕಾಯಿ ಜೊತೆ ಕೊಟ್ಟೆ. ತಿಂದಳು."

ನಾನು ನಿಂತುಬಿಟ್ಟೆ. ಚಳಿಗಾಲದಲ್ಲಿ ಜ್ವರ ಬಂದದ್ದು ನನಗೆ ಗೊತ್ತಿರಲಿಲ್ಲ. ಪ್ರತಿ ಭಾನುವಾರ ವಿಡಿಯೋ ಕರೆಯಲ್ಲಿ "ಫೈನ್, ಫೈನ್," ಎನ್ನುತ್ತಿದ್ದಳು. ನನ್ನ ಮಗಳು ನನ್ನಿಂದ ಜ್ವರ ಮುಚ್ಚಿಟ್ಟಳು ಎಂದು ನೋವಾಯಿತು. ಬೇರೊಬ್ಬ ಗಂಜಿ ಬೇಯಿಸಿಕೊಟ್ಟ ಎಂದು ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಹೇಳುವುದಿಲ್ಲ. ಅವನಿಗೆ, "ಗಂಜಿಗೆ ಒಂದು ಚಮಚ ತುಪ್ಪವೂ ಹಾಕಬೇಕು," ಎಂದಷ್ಟೇ ಹೇಳಿ ಮುಂದೆ ನಡೆದೆ.

ಗುಡ್ಡದ ಮೇಲೆ ಕಂಬಗಳ ದೊಡ್ಡ ಮಂಟಪವಿದೆ. ಅಲ್ಲಿಂದ ಕೆಳಗೆ ಅರಮನೆ, ತೋಟ, ಅದರಾಚೆ ಇಡೀ ಊರು ಕಾಣುತ್ತದೆ. ಒಂದು ರಾಜಮನೆತನ ತನ್ನ ಕಣ್ಣಿಗೆ ಹಿತವಾಗಲಿ ಎಂದು ಮರಗಳನ್ನು ಕೂಡ ಸಾಲಿನಲ್ಲಿ ನಿಲ್ಲಿಸಿದ ಜಾಗ. ಈಗ ಅಲ್ಲಿ ರಾಜನಿಲ್ಲ, ಬೆವರು ಸುರಿಸಿ ಓಡುವ ಜನ, ಮಕ್ಕಳ ಗಾಡಿ ತಳ್ಳುವ ಅಪ್ಪಂದಿರು. ನನಗೆ ಇದು ಹಿಡಿಸಿತು. ಹುಡುಗನೂ ಕೆಟ್ಟವನಲ್ಲ ಎನಿಸಿತು. ಆದರೂ ಉತ್ತರ ಪುಚೊಂಗ್‌ನಿಂದಲೇ ಎಂದು ಗಟ್ಟಿಮಾಡಿಕೊಂಡೆ. ಅಣ್ಣನಿಗೆ ಕೊಟ್ಟ ಮಾತು ಅದು.

ಇಳಿದು ಬಂದು ದೊಡ್ಡ ಕಾರಂಜಿಯ ಹತ್ತಿರ ನಿಂತೆವು. ಅವನ ತಾಯಿಗೆ ಸೊಂಟ ನೋಯುತ್ತಿತ್ತು, ಹೊರಡುವ ಹೊತ್ತು. ಅವರು ನನ್ನ ಕೈ ಕುಲುಕಲು ಕೈ ಚಾಚಿದರು. ಹೊರಟು ನಿಂತ ಹೆಂಗಸು, ಅದೂ ಮೊದಲ ಭೇಟಿ. ನನ್ನ ಕೈ ತಾನಾಗಿ ಚೀಲಕ್ಕೆ ಹೋಯಿತು. ಬಾಟಿಕ್ ಬಟ್ಟೆಯನ್ನು ಮಡಚಿ ಅದರ ಮೇಲೆ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟು, ನನ್ನ ಮನೆಯ ಬಾಗಿಲಲ್ಲಿ ಎಷ್ಟೋ ಸಲ ಕೊಟ್ಟಂತೆ, ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದೆ.

ಅವರು ಕೈ ಹಿಂದಕ್ಕೆ ಎಳೆದುಕೊಂಡು ಎಲೆಯನ್ನೇ ನೋಡಿದರು. ಆಮೇಲೆ ಮಗನ ಮುಖ ನೋಡಿದರು. ಮಗ ನನ್ನ ಮಗಳ ಮುಖ ನೋಡಿದ. ಮಗಳು ನನ್ನನ್ನು ನೋಡಿದಳು. ನನಗೆ ಆಗಲೂ ತಲೆಗೆ ಹೋಗಲಿಲ್ಲ. ತೆಂಗಿನಕಾಯಿ ಭಾರವಾಯಿತೇನೋ ಎಂದುಕೊಂಡೆ.

ತಾಯಿ ಎರಡೂ ಕೈಯಲ್ಲಿ ತೆಗೆದುಕೊಂಡರು. ಅದನ್ನು ಜೋಪಾನವಾಗಿ ಬೆಂಚಿನ ಮೇಲಿಟ್ಟು ತಮ್ಮ ಚೀಲ ತೆರೆದು ಒಂದು ಬುಟ್ಟಿ ಹೊರತೆಗೆದರು. ಇಸ್ತ್ರಿ ಹಾಕಿದ ಬಿಳಿ ಬಟ್ಟೆ, ಅದರ ಮೇಲೊಂದು ತೆಂಗಿನಕಾಯಿ, ಕೆಲವು ಅಕ್ರೋಟು, ಮತ್ತು ಒಂದರ ಮೇಲೊಂದು ಜೋಡಿಸಿದ ಹಸಿರು ಎಲೆಗಳು. ಹೃದಯದಾಕಾರದ ಎಲೆ. ವೀಳ್ಯದೆಲೆಯಲ್ಲ, ಆದರೆ ಕ್ಷಣಕಾಲ ನನಗೂ ಹಾಗೇ ಕಂಡಿತು.

ಮಗ ತಡವರಿಸುತ್ತಾ ವಿವರಿಸಿದ. ನನ್ನ ಮಗಳು ಯಾವಾಗಲೋ ಅವನ ತಾಯಿಗೆ ಉಡುಪಿಯ ನಿಶ್ಚಿತಾರ್ಥದ ವಿಡಿಯೋ ತೋರಿಸಿದ್ದಳಂತೆ. ಹುಡುಗಿಯ ಕಡೆಯವರು ಎಲೆ ಕೊಟ್ಟು, ಹುಡುಗನ ಕಡೆಯವರು ಎಲೆ ಕೊಟ್ಟರೆ ಒಪ್ಪಿದಂತೆ ಎಂದಿದ್ದಳಂತೆ. ಆ ಎಲೆ ಎಲ್ಲಿ ಸಿಗುತ್ತದೆಂದು ತಾಯಿಗೆ ಗೊತ್ತಾಗಲಿಲ್ಲ. ಅವರ ಮನೆಯೆದುರು ಒಂದು ಲಿಂಡೆನ್ ಮರವಿದೆ, ಅದರ ಎಲೆಯ ಆಕಾರ ವಿಡಿಯೋದಲ್ಲಿ ಕಂಡಂತೆಯೇ ಇತ್ತು. ಅಡಿಕೆಯ ಬದಲು ಅಕ್ರೋಟು. "ಒಂದು ವೇಳೆ ನೀವು ಕೊಟ್ಟರೆ ನಾನು ಬರಿಗೈಯಲ್ಲಿ ನಿಲ್ಲಬಾರದು ಅಂತ ತಂದೆ. ಕೊಡದಿದ್ದರೆ ಚೀಲ ತೆರೆಯದೆ ಹೋಗುತ್ತಿದ್ದೆ," ಎಂದು ಅವರು ಹೇಳಿದ್ದನ್ನು ಅವನು ಅನುವಾದಿಸಿದ.

ಆಗ ಅರ್ಥವಾಯಿತು ನಾನೇನು ಮಾಡಿದೆ ಎಂದು. ಉಡುಪಿಯಲ್ಲಾದರೆ ಹೊರಡುವ ಹೆಂಗಸಿಗೆ ಕೊಡುವ ವೀಳ್ಯ ಬೇರೆ, ಸಂಬಂಧ ಗಟ್ಟಿ ಮಾಡುವ ವೀಳ್ಯ ಬೇರೆ ಎಂದು ಮಕ್ಕಳಿಗೂ ಗೊತ್ತು. ಟ್ರಾಮ್ ಓಡಿಸಿದವರಿಗೆ ಹೇಗೆ ಗೊತ್ತಿರಬೇಕು?

ಮಗಳಿಗೆ ಗೊತ್ತಿತ್ತು. ಚಿಕ್ಕಂದಿನಿಂದ ಪುಚೊಂಗ್‌ನಲ್ಲಿ ಅದನ್ನು ಕೊಟ್ಟದ್ದು ಅವಳ ಕೈಯೇ. ಅವಳು ನನ್ನ ಹತ್ತಿರ ಬಂದು, ಅವರಿಗೆ ತಿಳಿಯದಂತೆ ಕನ್ನಡದಲ್ಲಿ ಹೇಳಿದಳು. "ಅಮ್ಮ, ನೀನು ದಿನಾ ಕೊಡೋದು ಕೊಟ್ಟಿದ್ದು ಅಲ್ವಾ? ನಂಗೆ ಗೊತ್ತು. ನಾನು ಅವರಿಗೆ ಹೇಳ್ತೀನಿ. ಇದು ಅದಲ್ಲ ಅಂತ. ಈಗ್ಲೇ ಹೇಳ್ತೀನಿ. ಪರವಾಗಿಲ್ಲ."

ಪರವಾಗಿಲ್ಲ ಎಂದವಳ ಕಣ್ಣು ತುಂಬಿತ್ತು. ಸುಮ್ಮನಿದ್ದಿದ್ದರೆ ಅವಳಿಗೆ ಬೇಕಾದದ್ದು ಪುಕ್ಕಟೆ ಸಿಗುತ್ತಿತ್ತು. ನನ್ನ ತಪ್ಪಿನಿಂದ ಲಾಭ ಮಾಡಿಕೊಳ್ಳಲು ಅವಳು ಸಿದ್ಧಳಿರಲಿಲ್ಲ. ನನ್ನ ಮಗಳನ್ನು ನಾನು ಚೆನ್ನಾಗಿಯೇ ಬೆಳೆಸಿದ್ದೇನೆ ಎಂದು ಆ ತೋಟದಲ್ಲಿ ನಿಂತು ಹೆಮ್ಮೆಪಟ್ಟೆ.

ಬುಟ್ಟಿಯ ಎಲೆಗಳನ್ನು ಇನ್ನೊಮ್ಮೆ ನೋಡಿದೆ. ಒಂದೊಂದನ್ನೂ ಒರೆಸಿದ್ದರು. ತೊಟ್ಟನ್ನು ಒಂದೇ ಅಳತೆಗೆ ಚಿವುಟಿದ್ದರು. ವಿಡಿಯೋವನ್ನು ಎಷ್ಟು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದ್ದಾರೋ. ಮನೆತನ ವಿಚಾರಿಸಲು ಯಾರೂ ಇಲ್ಲ ಎಂದು ಕೊರಗಿದ್ದೆನಲ್ಲ, ಕಣ್ಣೆದುರೇ ಇತ್ತು ಮನೆತನ.

"ನೀನು ಸುಮ್ಮನಿರು," ಎಂದೆ ಮಗಳಿಗೆ. ಸೆರಗು ಮುಂದಕ್ಕೆ ತಂದು, ಎರಡೂ ಕೈ ಚಾಚಿ ಬುಟ್ಟಿ ತೆಗೆದುಕೊಂಡೆ. ಕಣ್ಣಿಗೊತ್ತಿಕೊಂಡೆ.

ನಾನು ಕೊಟ್ಟದ್ದು ಅಭ್ಯಾಸಬಲದಿಂದ, ತೆಗೆದುಕೊಂಡದ್ದು ಮನಸ್ಸಿನಿಂದ. ತಪ್ಪಿ ಆಯಿತು ಎಂದು ಯಾರ ಹತ್ತಿರವೂ ಹೇಳಿಕೊಂಡಿಲ್ಲ, ಹೇಳಿಕೊಳ್ಳುವುದೂ ಇಲ್ಲ. ಮಗಳು ನನ್ನ ಕುತ್ತಿಗೆಗೆ ಜೋತುಬಿದ್ದು ಗೊಳೋ ಎಂದು ಅತ್ತಳು. ನಾನೂ ಅತ್ತೆ. ಓಡುತ್ತಿದ್ದವರಲ್ಲಿ ಇಬ್ಬರು ನಿಂತು ಏನಾದರೂ ಸಹಾಯ ಬೇಕೇ ಎಂದು ಕೇಳಿದರಂತೆ. ಹುಡುಗ "ಆಂಟಿ" ಎಂದು ಏನೋ ಹೇಳಲು ಹೊರಟ. "ಆಂಟಿ ಪಕ್ಕದ ಮನೆಯವರು. ನಾನು ಅತ್ತೆ," ಎಂದೆ.

ಪುಚೊಂಗ್‌ಗೆ ಮರಳಿದ ಮರುದಿನ ಬೆಳಿಗ್ಗೆ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ಪರೋಟದಂಥ ರೊಟಿ ಚಾನಾಯ್ ತಪಾವ್, ಎಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದು, ತಿಂದು, ಕೈ ತೊಳೆದು, ಅಣ್ಣನಿಗೆ ಫೋನ್ ಮಾಡಿದೆ. ಹೊಟ್ಟೆ ತುಂಬಿದ್ದರೆ ನನಗೆ ಮಾತು ಗಟ್ಟಿ ಬರುತ್ತದೆ.

"ಅಣ್ಣಾ, ವೀಳ್ಯ ಆಯ್ತು."

"ಯಾರದ್ದು?"

"ನಮ್ಮ ಹುಡುಗಿದ್ದು."

"ಎಂತ? ಯಾರು ಕೊಟ್ಟದ್ದು?"

"ನಾನು."

"ಗಂಡಿನ ಕಡೆಯಿಂದ?"

"ಅವನ ಅಮ್ಮ."

"ಅವರ ಯಜಮಾನ್ರು ಇರ್ಲಿಲ್ವಾ?"

"ಅವ್ರು ಬಿಟ್ಟು ಹೋಗಿ ಇನ್ನೊಬ್ಬಳ ಜೊತೆ ಇದ್ದಾರೆ."

ಅಣ್ಣ "ದೇವರೇ" ಎಂದು ಕುರ್ಚಿ ಎಳೆದುಕೊಂಡದ್ದು ಕೇಳಿಸಿತು. "ಅಲ್ಲಿ ಅವರಿಗೆ ಎಲೆ ಎಲ್ಲಿ ಸಿಕ್ಕಿತು?"

"ಮನೆ ಎದುರಿನ ಮರದ್ದು."

"ಅದು ವೀಳ್ಯದೆಲೆಯೇ ಅಲ್ಲವಲ್ಲ!"

"ಅಲ್ಲ. ಆದ್ರೆ ಒರೆಸಿ, ತೊಟ್ಟು ಚಿವುಟಿ ತಂದಿದ್ರು."

"ನೋಡು, ಇದು ಲೆಕ್ಕಕ್ಕೆ ಬರುದಿಲ್ಲ," ಎಂದ ಅಣ್ಣ, ಮಕ್ಕಳಿಗೆ ತಿಳಿಹೇಳುವ ದನಿಯಲ್ಲಿ. "ನಾನೂ ನಿನ್ನ ಅತ್ತಿಗೆಯೂ ಸೇರಿ ಇನ್ನೊಮ್ಮೆ ಕ್ರಮದಲ್ಲಿ ಮಾಡುವ. ಶುಭಕಾರ್ಯದ ಮೊದಲ ಹೆಜ್ಜೆ ಅದು. ನಿನ್ನ ಕೈಯಿಂದ..." ಎಂದು ನಿಲ್ಲಿಸಿದ.

"ಪೂರ್ತಿ ಹೇಳು ಅಣ್ಣ."

ಅವನು ಹೇಳಲಿಲ್ಲ. ಅಣ್ಣ ಕೆಟ್ಟವನಲ್ಲ. ನನ್ನ ಗಂಡ ತೀರಿಕೊಂಡಾಗ ಮೊದಲ ವಿಮಾನ ಹಿಡಿದು ಬಂದವನು, ನಾನು ಮತ್ತೆ ಕಾಲೇಜಿಗೆ ಹೋಗುವ ತನಕ ಇಲ್ಲೇ ಇದ್ದು ಮಗಳನ್ನು ಶಾಲೆಗೆ ಬಿಟ್ಟವನು. ಆದ್ದರಿಂದ ಕೂಗಾಡಲಿಲ್ಲ. ಮೆಲ್ಲಗೆ ಹೇಳಿದೆ. "ಈ ಕೈಯಲ್ಲೇ ಅವಳಿಗೆ ಜಡೆ ಹಾಕಿದ್ದು, ಉಣ್ಣಿಸಿದ್ದು, ಫೀಸು ಕಟ್ಟಿದ್ದು. ಅದಕ್ಕೆಲ್ಲ ಆದ ಕೈ ವೀಳ್ಯಕ್ಕೆ ಮಾತ್ರ ಆಗುದಿಲ್ವಾ? ಇನ್ನೊಮ್ಮೆ ಮಾಡ್ಲಿಕ್ಕಿಲ್ಲ ಅಣ್ಣ. ಕೊಟ್ಟಾಗಿದೆ."

ಕಿಟಕಿಯಾಚೆ ಎಲ್‌ಆರ್‌ಟಿ ರೈಲು ಹಾದುಹೋಯಿತು. ಫೋನ್ ಇಟ್ಟನೋ ಎಂದು ನೋಡಿದೆ, ಇಟ್ಟಿರಲಿಲ್ಲ.

"ಧಾರೆಗೆ ಯಾರು ಕೂತುಕೊಳ್ಳುದು?" ಎಂದು ಕೇಳಿದ ಕೊನೆಗೆ.

ಧಾರೆ ಎಂದರೆ ನಮ್ಮಲ್ಲಿ ಮದುವೆಯ ಜೀವ. ತಂದೆ ಮಗಳ ಕೈಯನ್ನು ಅಳಿಯನ ಕೈಯಲ್ಲಿಟ್ಟು ಹಿಡಿಯುತ್ತಾನೆ, ತಾಯಿ ಗಿಂಡಿಯಿಂದ ಆ ಕೈಗಳ ಮೇಲೆ ನೀರು ಬಿಡುತ್ತಾಳೆ. ತಂದೆಯಿಲ್ಲದಿದ್ದರೆ ಸೋದರಮಾವ ಮತ್ತು ಅವನ ಹೆಂಡತಿ ಕೂರುತ್ತಾರೆ, ತಾಯಿ ಹಿಂದೆಲ್ಲೋ ಇರುತ್ತಾಳೆ. ಅಣ್ಣ ಕೇಳಿದ್ದು ಅದನ್ನೇ.

"ನಾನೇ," ಎಂದೆ. "ಅವಳ ಕೈ ಹಿಡಿದು ಕೊಡುವವಳು ನಾನೇ."

ಈ ಸಲ ಬೈಯುತ್ತಾನೆ ಎಂದು ಸಿದ್ಧಳಾಗಿ ಕೂತೆ. ಉತ್ತರವೂ ತಯಾರಿತ್ತು.

"ಗಿಂಡಿಯಿಂದ ನೀರು ಬಿಡ್ಲಿಕ್ಕೆ ಇನ್ನೊಬ್ಬರು ಬೇಕಲ್ಲ ಮಾರಾಯ್ತಿ," ಎಂದ ಅಣ್ಣ. ಅದು ಬೈಯುವ ದನಿಯಾಗಿರಲಿಲ್ಲ.

ತಯಾರಿದ್ದ ಉತ್ತರ ಬೇಕಾಗಲಿಲ್ಲ.

"ಬೇಕು," ಎಂದೆ. "ನೀನು ಬಾ ಅಣ್ಣ."